ಜಪಾನಿನ ಮಾಜಾಂಗ್ ಆಟದಲ್ಲಿ ರಕ್ಷಣಾತ್ಮಕ ವಿಸರ್ಜನೆಯ ವಿಕಾಸ

ಮಾಜಾಂಗ್ ಎಂಬ ಬಿಲ್ಲೆಗಳ ಆಟವು 19ನೆಯ ಶತಮಾನದ ಉತ್ತರಾರ್ಧದಲ್ಲಿ ಚೀನಾದೇಶದಲ್ಲಿ ರೂಪುಗೊಂಡು, 20ನೆಯ ಶತಮಾನದ ಆದಿಭಾಗದಲ್ಲಿ ಜಪಾನನ್ನು ಪ್ರವೇಶಿಸಿತು. 1929ರಲ್ಲಿ ಸ್ಥಾಪಿತವಾದ ಜಪಾನ್ ಮಾಜಾಂಗ್ ಒಕ್ಕೂಟಕ್ಕೆ ಪ್ರಸಿದ್ಧ ಸಾಹಿತಿ ಕಿಕುಚಿ ಕಾನ್ ಅವರು ಮೊದಲ ಅಧ್ಯಕ್ಷರಾದುದು ಅದಕ್ಕೆ ದೊರೆತ ಮನ್ನಣೆಯನ್ನು ಸೂಚಿಸುತ್ತದೆ. ಈ ಆಟದಲ್ಲಿ ಆತ್ಮರಕ್ಷಣೆಯು ಒಂದು ಶಾಸ್ತ್ರವಾಗಿ ಬೆಳೆದುದು ಹೇಗೆ ಎಂಬುದೇ ಇಲ್ಲಿಯ ವಿಚಾರ.

ಆಟಗಾರರು ನಾಲ್ವರು, ಬಿಲ್ಲೆಗಳು 34 ಬಗೆ, ಬಗೆಗೆ ನಾಲ್ಕರಂತೆ 136. ಪ್ರತಿಯೊಬ್ಬನೂ 13 ಬಿಲ್ಲೆಗಳನ್ನು ಹಿಡಿದು, ಸರದಿ ಬಂದಾಗ ಒಂದನ್ನು ತೆಗೆದುಕೊಂಡು ಒಂದನ್ನು ವಿಸರ್ಜಿಸುತ್ತಾನೆ. ಒಬ್ಬನು ಬಿಟ್ಟ ಬಿಲ್ಲೆಯಿಂದ ಇನ್ನೊಬ್ಬನು ತನ್ನ ಕೈಯನ್ನು ಪೂರ್ಣಗೊಳಿಸಿ ಗೆಲ್ಲಬಹುದು. ಚೀನಾದ ಹಳೆಯ ಪದ್ಧತಿಯಲ್ಲಿ ಯಾರ ಬಿಲ್ಲೆಯಿಂದ ಗೆಲುವಾದರೂ ಉಳಿದ ಮೂವರೂ ತೆರಬೇಕಾಗಿತ್ತು. ಬಿಟ್ಟ ಬಿಲ್ಲೆಗಳು ನಡುವೆ ಕ್ರಮವಿಲ್ಲದೆ ಬೀಳುತ್ತಿದ್ದುವು. ಎಚ್ಚರಿಕೆಗೆ ಪ್ರತಿಫಲ ಅಲ್ಪವಾಗಿತ್ತು, ಪರಿಶೀಲನೆಗೆ ಆಧಾರವೂ ಅಲ್ಪವಾಗಿತ್ತು.

ಜಪಾನಿನಲ್ಲಿ ಕಾಲಕ್ರಮೇಣ ಮೂರು ನಿಯಮಗಳು ನೆಲೆಗೊಂಡು ಈ ಸ್ಥಿತಿಯನ್ನು ಮಾರ್ಪಡಿಸಿದುವು. ಗೆಲುವಿಗೆ ಕಾರಣವಾದ ಬಿಲ್ಲೆಯನ್ನು ಬಿಟ್ಟವನೇ ಪೂರ್ತಿ ಮೌಲ್ಯವನ್ನು ತೆರಬೇಕೆಂಬುದು ಮೊದಲನೆಯದು. ವಿಸರ್ಜಿತ ಬಿಲ್ಲೆಗಳನ್ನು ಆಯಾ ಆಟಗಾರನ ಮುಂದೆ ಆರಾರರ ಸಾಲಿನಲ್ಲಿ ಅನುಕ್ರಮವಾಗಿ ಇಡಬೇಕೆಂಬುದು ಎರಡನೆಯದು. ಮೂರನೆಯದು ‘ಫುರಿತೆನ್’: ತಾನು ಕಾಯುತ್ತಿರುವ ಬಿಲ್ಲೆಗಳಲ್ಲಿ ಯಾವುದೊಂದನ್ನು ಹಿಂದೆ ತಾನೇ ಬಿಟ್ಟಿದ್ದರೂ ಆಟಗಾರನು ಪರರ ಬಿಲ್ಲೆಯಿಂದ ಗೆಲ್ಲುವಂತಿಲ್ಲ. ಹೀಗೆ ಕಸವಾಗಿದ್ದ ಬಿಲ್ಲೆಯು ದಾಖಲೆಯಾಯಿತು. ಅಷ್ಟೇ ಅಲ್ಲ, ಬರೆದವನನ್ನೇ ಬಂಧಿಸುವ ದಾಖಲೆಯಾಯಿತು.

ರಕ್ಷಣೆಯ ತತ್ತ್ವಗಳೆಲ್ಲವೂ ಇದರಿಂದ ಹೊರಟವು. ಎದುರಾಳಿಯು ಹಿಂದೆ ಬಿಟ್ಟ ಬಗೆಯ ಬಿಲ್ಲೆ, ಅಂದರೆ ‘ಗೆನ್‌ಬುತ್ಸು’, ಅವನ ಮಟ್ಟಿಗೆ ಸಂಪೂರ್ಣ ನಿರಪಾಯ. ಅವನು 4ನ್ನು ಬಿಟ್ಟಿದ್ದರೆ, 2 ಮತ್ತು 3ನ್ನು ಹಿಡಿದು 1 ಅಥವಾ 4ಕ್ಕೆ ಕಾಯುವುದು ನಿಷ್ಫಲ. ಆದುದರಿಂದ ಅದೇ ವರ್ಗದ 1 ಸಾಪೇಕ್ಷವಾಗಿ ಸುರಕ್ಷಿತ, ಇದೇ ನ್ಯಾಯದಿಂದ 7 ಸಹ. ‘ಸುಜಿ’ ಎಂಬ ಈ ಅನುಮಾನವು ಇಬ್ಬದಿಯ ಕಾಯುವಿಕೆಗೆ ಮಾತ್ರ ಅನ್ವಯಿಸುತ್ತದೆ. ಅದನ್ನು ಪ್ರತ್ಯಕ್ಷ ಪ್ರಮಾಣದೊಡನೆ ಸಮೀಕರಿಸುವುದು ಸಲ್ಲದು.

ಎರಡನೆಯ ಮಹಾಯುದ್ಧದ ಅನಂತರ ಪ್ರಚಾರಕ್ಕೆ ಬಂದ ‘ರೀಚಿ’ ಈ ವಿವೇಚನೆಯನ್ನು ತೀವ್ರಗೊಳಿಸಿತು. ಗೆಲುವಿಗೆ ಒಂದೇ ಬಿಲ್ಲೆ ಉಳಿದವನು 1000 ಅಂಕಗಳನ್ನು ಪಣವಿಟ್ಟು ಅದನ್ನು ಘೋಷಿಸುತ್ತಾನೆ. ಆಮೇಲೆ ತನ್ನ ಕೈಯನ್ನು ಇಚ್ಛೆಯಂತೆ ಬದಲಿಸುವಂತಿಲ್ಲ. ‘ದೋರಾ’ ಎಂಬ ಹೆಚ್ಚುವರಿ ಮೌಲ್ಯದ ಬಿಲ್ಲೆಗಳು ಸೋಲಿನ ಬೆಲೆಯನ್ನು ಮತ್ತಷ್ಟು ಏರಿಸಿದುವು. ಆಗ ಸ್ವಂತ ಕೈಯನ್ನು ಮುರಿದು, ನಿರಪಾಯವಾದ ಬಿಲ್ಲೆಗಳನ್ನೇ ಬಿಡುತ್ತ ಹೋಗುವ ‘ಬೆತಾಓರಿ’ ಯುಕ್ತಮಾರ್ಗವೆನಿಸಿತು. ಆದರೆ ಎದುರಾಳಿಯು ತಾನೇ ತೆಗೆದ ಬಿಲ್ಲೆಯಿಂದ ಗೆಲ್ಲುವುದನ್ನು ಇದು ತಡೆಯಲಾರದು. ಆಟವು ಗೆಲುವಿಲ್ಲದೆ ಮುಗಿದರೆ ಕೈ ಸಿದ್ಧವಿಲ್ಲದವರು ಸಿದ್ಧವಿದ್ದವರಿಗೆ ಒಟ್ಟು 3000 ಅಂಕಗಳನ್ನು ತೆರುವ ರೂಢಿಯೂ ಉಂಟು. ಹಿಂಜರಿಕೆಗೂ ಬೆಲೆಯಿದೆ.

2004ರಲ್ಲಿ ಪ್ರಕಟವಾದ ‘ಕಗಾಕು ಸುರು ಮಾಜಾನ್’ ಎಂಬ ಗ್ರಂಥವು ಗಣಕಜಾಲದಲ್ಲಿ ನಡೆದ ಆಟಗಳ ದಾಖಲೆಗಳನ್ನು ಸಂಖ್ಯಾಶಾಸ್ತ್ರದಿಂದ ಪರಿಶೀಲಿಸಿ, ಮುನ್ನುಗ್ಗುವುದು ಎಲ್ಲಿ ಲಾಭಕರ, ಹಿಂಜರಿಯುವುದು ಎಲ್ಲಿ ಎಂಬುದನ್ನು ಎಣಿಸಲು ಯತ್ನಿಸಿತು. ಅನುಭವಿಗಳ ಊಹೆಯು ಗಣನೆಯ ಪರೀಕ್ಷೆಗೆ ಒಳಗಾಯಿತು.

ಈ ಚರಿತ್ರೆಯಿಂದ ಒಂದು ಅಂಶ ವಿಶದವಾಗುತ್ತದೆ. ಜಪಾನೀ ಆಟಗಾರನ ಎಚ್ಚರಿಕೆಯನ್ನು ಅವನ ಜನಾಂಗಸ್ವಭಾವಕ್ಕೆ ಆರೋಪಿಸುವುದು ಸುಲಭ, ಆದರೆ ಅನಾವಶ್ಯಕ. ಹೊಣೆಯು ಒಬ್ಬನ ಮೇಲೆ ಬಿದ್ದು, ಕೃತ್ಯದ ದಾಖಲೆಯು ಎಲ್ಲರ ಕಣ್ಣಮುಂದೆ ಉಳಿದೆಡೆಯಲ್ಲಿ ವಿವೇಕವು ತಾನಾಗಿ ಬೆಳೆಯುತ್ತದೆ. ನಡತೆಯ ಚರಿತ್ರೆಯನ್ನು ಬರೆಯಹೊರಟವರು ಮೊದಲು ನಿಯಮಗಳ ಚರಿತ್ರೆಯನ್ನು ಓದಬೇಕು.