ಮೀನಿಗೆ ಹಾಕಿದ ಅನ್ನ

ಪುತ್ತೂರು ತಾಲೂಕಿನ ಕೆದಂಬಾಡಿಯ ಒಂದು ದಿಕ್ಕಿಗೆ ಪುತ್ತೂರು ಮಹಾಲಿಂಗೇಶ್ವರನ ಕೆರೆ, ಇನ್ನೊಂದು ದಿಕ್ಕಿಗೆ ಸುಳ್ಯ ಸೀಮೆಯ ತೊಡಿಕಾನದಲ್ಲಿ ಮಲ್ಲಿಕಾರ್ಜುನ ಸನ್ನಿಧಿಯ ಮತ್ಸ್ಯತೀರ್ಥ. ಇವೆರಡರ ನಡುವೆ ಬಾಳಿದ ಜನಕ್ಕೆ ನೀರಿಗೆ ಅನ್ನವನ್ನರ್ಪಿಸುವುದು ಪರಂಪರಾಗತವಾದ ಪುಣ್ಯಕಾರ್ಯ. ತೋಡಿದ ಕೆರೆಯಲ್ಲಿ ನೀರು ಕಾಣದಿರಲು, ಅದರ ತಳದಲ್ಲಿಯೇ ಸಂತರ್ಪಣೆ ನಡೆಸಲಾಗಿ, ಉಣ್ಣುತ್ತಿದ್ದವರು ಏಳುವಷ್ಟರಲ್ಲಿ ಜಲವುಕ್ಕಿ, ಎಲೆಯಲ್ಲುಳಿದ ಅಗುಳುಗಳೆಲ್ಲ ಮುತ್ತಾದುವೆಂಬುದು ಪುತ್ತೂರಿನ ಸ್ಥಳಪುರಾಣ. ತೊಡಿಕಾನದಲ್ಲಿಯೂ, ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲೆಯಲ್ಲಿಯೂ, ಹರಕೆ ಹೊತ್ತವರು ಮುಷ್ಟಿ ತುಂಬ ಅಕ್ಕಿಯನ್ನೆರಚಿದೊಡನೆ ಮಹಸೀರ್ ಜಾತಿಯ ದೇವರ ಮೀನುಗಳು ಒಂದನ್ನೊಂದು ಒತ್ತರಿಸುತ್ತ, ಕಪ್ಪು ಬೆನ್ನು ತೋರುತ್ತ ಮೇಲೇಳುತ್ತವೆ. ಅವುಗಳ ಬಾಯಿ ತಪ್ಪಿದ ಕಾಳು ಕಲ್ಲುಸಂದಿನ ಮರಿಮೀನುಗಳ ಪಾಲು, ಮಿಕ್ಕುದು ಹರಿಯುವ ನೀರಿನ ಪಾಲು. ಆದಕಾರಣ ಅಲ್ಲಿ ದಾನಿಗೆ ಅಳತೆಯ ಚಿಂತೆಯಿರಲಿಲ್ಲ.

ಆ ಚಿಂತೆ ನಿಂತ ನೀರಿನದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ಮತ್ಸ್ಯವಿನೋದ ಪ್ರಕರಣದಲ್ಲಿ ಮೀನಿನ ಜಾತಿಗಳೊಡನೆ ಅವುಗಳಿಗೆ ಉಣಿಸತಕ್ಕ ಆಹಾರವೂ ನಿರೂಪಿತವಾಗಿದೆ. ಆದರೆ ಆ ಉಣಿಸಿನ ಗುರಿ ಗಾಳದ ರಾಜವಿನೋದ. ನೀರಿನಲ್ಲಿ ಕೊಳೆಯುವುದರ ಗತಿಯನ್ನು ವಿಚಾರಿಸಿದವರಲ್ಲಿ ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್ ಪ್ರಮುಖನು. ಎರಡು ಗೋಲ್ಡ್‌ಫಿಶ್‌ಗಳನ್ನು ಜಲಸಸ್ಯದೊಡನೆ ಗಾಜಿನ ಪಾತ್ರೆಯಲ್ಲಿರಿಸಿದ್ದ ಆತನು, ಕೊಳೆತ ಎಲೆಗಳಿಂದ ನೀರು ಕದಡಿದುದನ್ನು ಕಂಡು, ಕೊಳದ ಬಸವನಹುಳುಗಳನ್ನು ಅದರೊಳಗೆ ಬಿಡಲಾಗಿ, ಅವು ಆ ಕೊಳೆಯನ್ನು ತಿಂದು ನೀರನ್ನು ತಿಳಿಗೊಳಿಸಿದುವು. ಈ ಪ್ರಯೋಗದ ವರದಿ 1850ರಲ್ಲಿ ಪ್ರಕಟವಾಯಿತು.

ಈಗ ನಮ್ಮ ಚಾವಡಿಗಳಿಗೂ ಗಾಜಿನ ತೊಟ್ಟಿ ಬಂದಿದೆ. ಕೈಯಲ್ಲಿ ಮಾತ್ರ ಹೊಳೆಬದಿಯ ಔದಾರ್ಯವೇ ಉಳಿದಿದೆ. ಮೀನು ತಿನ್ನದೆ ಬಿಟ್ಟ ಗುಳಿಗೆ ಇಲ್ಲಿ ಮುತ್ತಾಗುವುದಿಲ್ಲ. ತಳದ ಕಲ್ಲಿನ ಮೇಲೆ ಕುಳಿತು, ಊದಿ, ಬಿಳಿಯ ಬೂಷ್ಟು ಹಿಡಿದು, ಅಮೋನಿಯವನ್ನು ಹೊರಬಿಡುತ್ತದೆ. ಅದನ್ನು ಮೊದಲು ನೈಟ್ರೈಟನ್ನಾಗಿಯೂ ಬಳಿಕ ಅಷ್ಟಾಗಿ ಬಾಧಿಸದ ನೈಟ್ರೇಟನ್ನಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ವಾರಗಳೇ ಬೇಕಾದುದರಿಂದ, ಅಷ್ಟರೊಳಗೆ ಮೀನುಗಳು ಮೇಲಕ್ಕೆ ಬಂದು ಬಾಯ್ದೆರೆದು ಏದುಸಿರು ಬಿಡತೊಡಗುತ್ತವೆ. ಅದನ್ನು ಹಸಿವೆಂದು ಬಗೆದು ಮತ್ತಷ್ಟು ಹಾಕುವವರೂ ಉಂಟು!

ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟನ್ನೇ ಹಾಕುವುದು, ಉಳಿದುದನ್ನು ಅಂದೇ ಸಣ್ಣ ಕೊಳವೆಯಿಂದ ಹೀರಿ ತೆಗೆಯುವುದು, ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸುವುದು, ಇವು ಹೊಳೆಯು ತಾನಾಗಿ ಮಾಡುತ್ತಿದ್ದ ಕೆಲಸಗಳು. ಹೊಳೆಯಿಲ್ಲದೆಡೆ ಮೀನು ಸಾಕಿದವನೇ ಮಾಡತಕ್ಕವು. ಒಂದು ದಿನದ ಉಪವಾಸದಿಂದ ಬೆಳೆದ ಮೀನು ಸಾಯದು. ದಿನವೂ ಒಂದು ಚಿಟಿಕೆ ಹೆಚ್ಚಾದರೆ ಸತ್ತೀತು.