ಅನಾನಸಿನ ಕಾರ್ಖಾನೆಯಿಂದ ವಿಶ್ವವಿದ್ಯಾನಿಲಯಕ್ಕೆ: ತಾನ್ ಕಾ ಕೀಯ ವಿದ್ಯಾದಾನ

ದಕ್ಷಿಣ ಚೀನದಿಂದ ಆಗ್ನೇಯ ಏಷ್ಯದ ಬಂದರುಗಳಿಗೆ ವಲಸೆ ಹೋದವರ ಚರಿತ್ರೆಯಲ್ಲಿ ಕೂಲಿ, ವ್ಯಾಪಾರಗಳಿಗಿರುವಂತೆ ವಿದ್ಯಾದಾನಕ್ಕೂ ಸ್ಥಾನವುಂಟು. ಸಿಂಗಪುರದ ವರ್ತಕ ತಾನ್ ಕಾ ಕೀಯ ಜೀವನವು ಇದಕ್ಕೆ ನಿದರ್ಶನ. ಒಬ್ಬನ ಲಾಭವನ್ನೇ ನೆಮ್ಮಿದ ವಿದ್ಯಾಸಂಸ್ಥೆಯು ಆ ಲಾಭ ಬತ್ತಿದಾಗ ಉಳಿಯುವ ಬಗೆ ಯಾವುದೆಂಬ ಪ್ರಶ್ನೆಯನ್ನೂ ಅದು ಎತ್ತುತ್ತದೆ.

ತಾನ್ ಕಾ ಕೀ 1874ರಲ್ಲಿ ಫೂಜಿಯನ್ ಪ್ರಾಂತದ ಜೀಮೇಯ್ ಗ್ರಾಮದಲ್ಲಿ ಜನಿಸಿದನು. 1890ರಲ್ಲಿ ಸಿಂಗಪುರಕ್ಕೆ ಬಂದು ತಂದೆಯ ಅಕ್ಕಿಯ ಮಂಡಿಯಲ್ಲಿ ದುಡಿಯತೊಡಗಿದನು. ತಂದೆಯ ವ್ಯಾಪಾರವು ಕುಸಿದ ಮೇಲೆ, 1904ರಲ್ಲಿ ಅಲ್ಪ ಬಂಡವಾಳದಿಂದ ಅನಾನಸು ಹಣ್ಣನ್ನು ಡಬ್ಬಿಗಳಲ್ಲಿ ತುಂಬಿ ಮಾರುವ ಕಾರ್ಖಾನೆಯನ್ನು ಸ್ಥಾಪಿಸಿದನು. ಅಕ್ಕಿಯ ವ್ಯಾಪಾರವನ್ನೂ ಸ್ವಂತವಾಗಿ ಕೈಗೊಂಡನು. ತಂದೆಯ ಸಾಲಕ್ಕೆ ಅಲ್ಲಿನ ಕಾನೂನಿನಂತೆ ಮಗನು ಹೊಣೆಯಾಗಿರಲಿಲ್ಲ. ಆದರೂ ಸಾಲ ಕೊಟ್ಟವರೊಡನೆ ಒಪ್ಪಂದ ಮಾಡಿಕೊಂಡು 1907ರ ವೇಳೆಗೆ ಅದನ್ನು ತೀರಿಸಿದನು. ವ್ಯಾಪಾರಕ್ಕೆ ಅಗತ್ಯವಾದ ನಂಬಿಕೆಯು ಇದರಿಂದ ದೃಢವಾಯಿತು.

ಅನಾನಸಿನ ತೋಟದಲ್ಲಿಯೇ ಗಿಡಗಳ ನಡುವೆ ರಬ್ಬರ್ ಬೀಜಗಳನ್ನು ಬಿತ್ತಿದುದು ಆತನ ದೂರದೃಷ್ಟಿಗೆ ಸಾಕ್ಷಿ. ಆಹಾರೋದ್ಯಮವು ಹಾಕಿದ ಅಡಿಪಾಯದ ಮೇಲೆ ರಬ್ಬರು ಮಹಾಸಂಪತ್ತನ್ನು ಕಟ್ಟಿತು. ಆ ಸಂಪತ್ತು ಶಾಲೆಗಳತ್ತ ಹರಿಯಿತು: 1913ರಲ್ಲಿ ಜೀಮೇಯ್‌ನ ಪ್ರಾಥಮಿಕ ಶಾಲೆ, 1919ರಲ್ಲಿ ಸಿಂಗಪುರದ ಚೀನೀ ಪ್ರೌಢಶಾಲೆ, 1921ರಲ್ಲಿ ಷಿಯಾಮೆನ್ ವಿಶ್ವವಿದ್ಯಾನಿಲಯ. ವಿಶ್ವವಿದ್ಯಾನಿಲಯವೊಂದಕ್ಕೇ ಆತನು ಒಟ್ಟು 40 ಲಕ್ಷ ಡಾಲರುಗಳ ವಾಗ್ದಾನ ಮಾಡಿದ್ದನು.

1929ರ ಅನಂತರದ ಜಾಗತಿಕ ಮುಗ್ಗಟ್ಟಿನಲ್ಲಿ ರಬ್ಬರಿನ ಬೆಲೆ ನೆಲಕಚ್ಚಿತು. 1931ರಲ್ಲಿ ಬ್ಯಾಂಕುಗಳ ಒತ್ತಡದಿಂದ ಉದ್ಯಮವು ಪರಿಮಿತ ಹೊಣೆಯ ಕಂಪೆನಿಯಾಯಿತು, 1934ರಲ್ಲಿ ಮುಚ್ಚಿತು. ಇಂತಹ ಸಂಕಟದಲ್ಲಿಯೂ ವಿದ್ಯಾಸಂಸ್ಥೆಗಳಿಗೆ ನೆರವು ನೀಡುವುದನ್ನು ಆತನು ಬಿಡಲಿಲ್ಲ. ಕೊನೆಗೆ 1937ರಲ್ಲಿ ವಿಶ್ವವಿದ್ಯಾನಿಲಯವನ್ನು ಚೀನದ ರಾಷ್ಟ್ರೀಯ ಸರ್ಕಾರಕ್ಕೆ ಒಪ್ಪಿಸಿದನು.

ಇದನ್ನು ಸೋಲೆಂದು ಗಣಿಸುವುದು ಸಮಂಜಸವಲ್ಲ. ಒಂದೇ ಸರಕಿನ ಬೆಲೆಯನ್ನು ಅವಲಂಬಿಸಿದ ದಾನವು ಎಷ್ಟೇ ಉದಾರವಾಗಿದ್ದರೂ ಅಸ್ಥಿರವೇ ಸರಿ. ಖಾಸಗಿ ದಾನವು ಬೀಜವಾಗಬಲ್ಲದು. ಸಂಸ್ಥೆಯು ದೀರ್ಘಕಾಲ ಬಾಳಲು ಸಾರ್ವಜನಿಕ ಆಶ್ರಯವೂ ಬೇಕಾಗುತ್ತದೆ. ತನ್ನದೆಂಬ ಮಮತೆಯನ್ನು ತೊರೆದು ಸಂಸ್ಥೆಯನ್ನು ಬಿಟ್ಟುಕೊಟ್ಟುದೇ ಆತನ ದಾನಗಳಲ್ಲಿ ಹಿರಿದಾದುದೆನ್ನಬಹುದು. 1950ರಲ್ಲಿ ಚೀನಕ್ಕೆ ಮರಳಿದ ತಾನ್ ಕಾ ಕೀ 1961ರಲ್ಲಿ ಪೀಕಿಂಗಿನಲ್ಲಿ ನಿಧನನಾದನು. ಆತನ ಸಮಾಧಿಯು ಹುಟ್ಟೂರಾದ ಜೀಮೇಯ್‌ನಲ್ಲಿದೆ. ಉದ್ಯಮವು ಅಳಿದರೂ ವಿಶ್ವವಿದ್ಯಾನಿಲಯವು ಇಂದಿಗೂ ನಡೆಯುತ್ತಿದೆ.