ಎರಡನೇ ಭಾಗ ಯಾರ ಹತ್ರ ಇದೆ?

ಅಮೀರ್‌ಪೇಟ್ ಅಂದ ಕೂಡ್ಲೇ ನೆನಪಾಗೋದು ಸಾಫ್ಟ್‌ವೇರ್ ಕೋಚಿಂಗು, ಹಾಸ್ಟೆಲ್ಲು. ಕಲಬುರಗಿ, ಬೀದರ್ ಕಡೆಯಿಂದ ಬರೋ ನಮ್ಮ ಹುಡುಗ್ರಿಗೂ ಅಷ್ಟೇ. ಆದ್ರೆ ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಸುಲ್ತಾನ್ ಬಜಾರ್‌ನಲ್ಲಿ 1901ರಷ್ಟು ಹಿಂದೆಯೇ ಒಂದು ಲೈಬ್ರರಿ ಹುಟ್ಟಿತು: ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ.

ಅದು ನಿಜಾಮರ ಕಾಲ. ಆಡಳಿತ ಉರ್ದುವಿನಲ್ಲಿ, 1918ರಲ್ಲಿ ಬಂದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ತೆಲುಗಿನವರಿಗೆ ಮನೆಮಾತಲ್ಲಿ ಓದೋಕೆ ಇಂಥ ಲೈಬ್ರರಿಗಳೇ ಆಸರೆಯಾದವು. ಕಲಬುರಗಿ, ಬೀದರ್, ರಾಯಚೂರೂ 1956ರವರೆಗೆ ಇದೇ ರಾಜ್ಯದಲ್ಲಿದ್ದವು. ಕನ್ನಡಿಗರ ಪಾಡೂ ಬೇರೆ ಇರಲಿಲ್ಲ.

ಆಸರೆ ಸರಿ, ರುಚಿ ಹತ್ತಿಸಿದ್ದು ಯಾರು? ಕಾದಂಬರಿ! ತ.ರಾ.ಸು. ಅವರ ಚಿತ್ರದುರ್ಗದ ಸರಣಿ ತಗೊಳ್ಳಿ. ‘ಕಂಬನಿಯ ಕುಯಿಲು’ ಮುಗಿಸಿ ಓಡಿದ್ರೆ ‘ರಕ್ತರಾತ್ರಿ’ಯನ್ನ ಬೇರೆ ಯಾರೋ ಒಯ್ದಿರ್ತಾರೆ. ‘ತಿರುಗುಬಾಣ’ ಮಾತ್ರ ಕಪಾಟಿನಲ್ಲಿ ನಮ್ಮನ್ನೇ ನೋಡ್ತಾ ಕೂತಿರುತ್ತೆ. ಮುಂದೇನಾಯ್ತು ಅಂತ ಊಹಿಸ್ತಾ ವಾರಗಟ್ಟಲೆ ಕಾಯಬೇಕು. ಕೊಂಡ ಪುಸ್ತಕದಲ್ಲಿ ಈ ಮಜಾ ಇಲ್ಲ. ಹಿಂದಿನ ಪುಟದ ತಾರೀಖಿನ ಮುದ್ರೆಗಳನ್ನ ನೋಡಿದ್ರೆ, ನಮಗಿಂತ ಮುಂಚೆ ಇಷ್ಟು ಜನ ಇಲ್ಲಿ ನಿದ್ದೆಗೆಟ್ಟಿದ್ದಾರೆ ಅಂತ ಗೊತ್ತಾಗುತ್ತೆ.

ಲೈಬ್ರರಿ ಪುಕ್ಕಟೆ ಅನ್ಕೋಬೇಡಿ. ಕರ್ನಾಟಕದಲ್ಲೂ ತೆಲಂಗಾಣದಲ್ಲೂ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಕರ ವಸೂಲಾಗುತ್ತೆ. ನಾವು ಕಟ್ಟೋ ಬಾಡಿಗೆಯಲ್ಲೂ ಅದರ ಪಾಲಿದೆ. ದುಡ್ಡು ಆಗ್ಲೇ ಕೊಟ್ಟಾಗಿದೆ, ಪುಸ್ತಕ ಮಾತ್ರ ತರೋದು ಬಾಕಿ. ಯಾರೂ ಕೇಳದ ಭಾಷೆಯ ಕಪಾಟು ನಿಧಾನಕ್ಕೆ ಮೂಲೆ ಸೇರುತ್ತೆ. ಈ ಭಾನುವಾರ ಹತ್ತಿರದ ಲೈಬ್ರರಿಗೆ ಹೋಗಿ, ಕನ್ನಡ ಕಾದಂಬರಿ ಇದೆಯಾ ಅಂತ ಕೇಳಿ. ಇಲ್ಲ ಅಂದ್ರೆ, ತರಿಸಿ ಅಂತ ಬರೆದುಕೊಟ್ಟು ಬನ್ನಿ.